ದ್ವಿಚಕ್ರ ವಾಹನ ಮತ್ತು ಪರಿಮಾಣ ವಿವೇಕ

ಬೆಳ್ತಂಗಡಿ ಪೇಟೆಗೆ ಅಂಟಿಕೊಂಡಿರುವ ಲಾಯಿಲ ಗ್ರಾಮವು ಎರಡು ನಿಶ್ಚಲ ಮೂರ್ತಿಗಳ ನಡುವಿನ ಊರು. ಒಂದು ದಿಕ್ಕಿಗೆ ಹೋದರೆ ವೇಣೂರಿನಲ್ಲಿ 1604ರಿಂದ ನಿಂತಿರುವ 35 ಅಡಿಯ ಬಾಹುಬಲಿ. ಇನ್ನೊಂದು ದಿಕ್ಕಿಗೆ ಹೋದರೆ ಧರ್ಮಸ್ಥಳದ ಬೆಟ್ಟದ ಮೇಲೆ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿ. ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟು, ಬಳ್ಳಿಗಳು ಮೈಮೇಲೆ ಹಬ್ಬುವ ತನಕ ಕದಲದೆ ನಿಂತವನ ಈ ಎರಡು ವಿಗ್ರಹಗಳ ನಡುವಣ ನಾಡಿನಲ್ಲಿ, ಮಂಗಳೂರಿನಿಂದ ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಾಟಿಯನ್ನೇರುವ 73ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿದೆ. ಹಾಲಿನ ಕ್ಯಾನು ಕಟ್ಟಿಕೊಂಡವರು, ಉಜಿರೆಯ ಕಾಲೇಜುಗಳಿಗೆ ಹೋಗುವವರು, ಅಡಿಕೆಯ ಧಾರಣೆ ವಿಚಾರಿಸಲು ಪೇಟೆಗೆ ಹೊರಟವರು, ಎಲ್ಲರೂ ಈ ಹಾದಿಯವರೇ. ಇವರಲ್ಲಿ ಬಹುಮಂದಿಯ ಕಾಲಿನ ಕೆಲಸವನ್ನು ಇಂದು ಮೋಟಾರು ಸೈಕಲ್ಲು ಮಾಡುತ್ತಿದೆ.

ಇತ್ತೀಚಿನ ವರ್ಷಗಳಲ್ಲಿ ಈ ಹಾದಿಯಲ್ಲಿ ಒಂದು ವಿಶೇಷ ವರ್ಗದ ವಾಹನ ಹೆಚ್ಚಾಗಿ ಕಾಣಿಸತೊಡಗಿದೆ. ನೂರು ಸಿ.ಸಿ.ಯ ಹಗುರ ವಾಹನವೂ ಅಲ್ಲದ, ವಿದೇಶದ ಭಾರೀ ಯಂತ್ರವೂ ಅಲ್ಲದ, ಇನ್ನೂರೈವತ್ತರಿಂದ ಮುನ್ನೂರೈವತ್ತು ಸಿ.ಸಿ. ಆಸುಪಾಸಿನ ಮಧ್ಯಮ ಗಾತ್ರದ ಮೋಟಾರು ಸೈಕಲ್ಲು ಅದು. ಕೊಳ್ಳುವವನು ಅದನ್ನು ‘ದಿನದ ಬಳಕೆಗೆ’ ಎನ್ನುತ್ತಾನೆ. ಮನೆಯ ಹಿರಿಯರು ಅದನ್ನು ‘ಶೋಕಿ’ ಎನ್ನುತ್ತಾರೆ. ಎರಡೂ ಮಾತುಗಳು ಅನೇಕ ಮನೆಗಳ ಜಗಲಿಯಲ್ಲಿ ಎದುರುಬದುರಾಗಿ ನಿಂತಿವೆ. ಈ ಜಗಳವನ್ನು ವಯಸ್ಸಿನ ಜಗಳವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರೊಳಗೆ ಅಗತ್ಯ ಯಾವುದು, ಆಸೆ ಯಾವುದು, ಅಳತೆಯನ್ನು ಎಲ್ಲಿಂದ ತರಬೇಕು ಎಂಬ ಹಳೆಯ ಪ್ರಶ್ನೆಯೇ ಅಡಗಿದೆ. ಕಾವ್ಯವನ್ನೋ ಶಿಲ್ಪವನ್ನೋ ವಿಮರ್ಶಿಸುವಂತೆ ನಿತ್ಯ ಬಳಕೆಯ ವಸ್ತುವೊಂದನ್ನೂ ವಿಮರ್ಶಿಸುವುದು ಸಾಧ್ಯ. ಏಕೆಂದರೆ ಮನುಷ್ಯ ತನ್ನನ್ನು ತಾನು ಏನೆಂದು ಭಾವಿಸಿದ್ದಾನೆಂಬುದನ್ನು ಅವನು ಮಾಡಿದ ವಸ್ತುಗಳೂ ಹೇಳುತ್ತವೆ.

ಸರ್ಕಾರದ ಅಳತೆ

ಅಗತ್ಯಕ್ಕೂ ವಿಲಾಸಕ್ಕೂ ನಡುವೆ ಗೆರೆ ಎಳೆಯುವ ಕೆಲಸವನ್ನು ಸರ್ಕಾರವು ತನ್ನದೇ ರೀತಿಯಲ್ಲಿ ಮಾಡಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಪರಿಷ್ಕರಣೆಯಂತೆ 350 ಸಿ.ಸಿ.ವರೆಗಿನ ಮೋಟಾರು ಸೈಕಲ್ಲುಗಳ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು, ಅದನ್ನು ಮೀರಿದವುಗಳ ಮೇಲೆ ಶೇ. 40 ಎಂದು ಗೊತ್ತಾಯಿತು. ಅಂದರೆ 349 ಸಿ.ಸಿ.ಯ ಎಂಜಿನ್ನು ಸಾಮಾನ್ಯನ ವಸ್ತು. ಗೆರೆಯನ್ನು ಒಂದೆರಡು ಸಿ.ಸಿ.ಯಷ್ಟು ದಾಟಿದರೂ ಅದು ವಿಲಾಸ. ತೆರಿಗೆಗೆ ಒಂದು ಗೆರೆ ಬೇಕೇ ಬೇಕು. ಅದು ಎಲ್ಲಿಯಾದರೊಂದು ಕಡೆ ಬೀಳಲೇಬೇಕು. ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಳ್ಳುವವನು ಆ ಗೆರೆಯನ್ನೇ ತನ್ನ ಅಂತಃಸಾಕ್ಷಿಯ ಗೆರೆಯೆಂದು ತಿಳಿದುಬಿಟ್ಟರೆ ಅಲ್ಲಿ ವಿವೇಕ ನಿಂತುಹೋಗುತ್ತದೆ. ‘ಸರ್ಕಾರವೇ ಇದನ್ನು ಸಾಮಾನ್ಯ ವಾಹನವೆಂದು ಒಪ್ಪಿದೆ’ ಎಂಬ ವಾದವು ಲೆಕ್ಕದ ಪುಸ್ತಕದಲ್ಲಿ ಸಲ್ಲುವುದೇ ಹೊರತು ವ್ರತದ ಪುಸ್ತಕದಲ್ಲಿ ಸಲ್ಲುವುದಿಲ್ಲ.

ಶ್ರಾವಕಾಚಾರದ ಅಳತೆ ಬೇರೆ ಬಗೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಗುಣವ್ರತಗಳನ್ನು ವಿವರಿಸುವಾಗ ದಿಗ್ವ್ರತ, ಅನರ್ಥದಂಡವ್ರತ, ಭೋಗೋಪಭೋಗ ಪರಿಮಾಣ ಎಂಬ ಮೂರನ್ನು ಹೇಳುತ್ತಾರೆ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ. ಮತ್ತೆ ಮತ್ತೆ ಬಳಕೆಗೆ ಒದಗುವುದು ಉಪಭೋಗ. ಈ ವಿಭಾಗವನ್ನು ಇಂದಿನ ವಾಹನಕ್ಕೆ ಅನ್ವಯಿಸಿದರೆ ಪೆಟ್ರೋಲು ಭೋಗ, ಮೋಟಾರು ಸೈಕಲ್ಲು ಉಪಭೋಗ. ಗಮನಾರ್ಹವಾದ ಸಂಗತಿಯೆಂದರೆ, ಕಾಲಮಿತಿಯ ನಿಯಮಗಳನ್ನು ಯಾವ ಯಾವ ವಿಷಯಗಳಲ್ಲಿ ಮಾಡಿಕೊಳ್ಳಬೇಕೆಂದು ಆಚಾರ್ಯರು ಎಣಿಸುವಾಗ ಆಹಾರದ ಜೊತೆಯಲ್ಲಿಯೇ ವಾಹನದ ಹೆಸರು ಬರುತ್ತದೆ. ಎತ್ತಿನ ಗಾಡಿ, ಕುದುರೆ, ಪಲ್ಲಕ್ಕಿಗಳ ಕಾಲದಲ್ಲಿಯೂ ವಾಹನವು ಮಿತಿಗೊಳಪಡಬೇಕಾದ ವಸ್ತುವಾಗಿ ಕಂಡಿತ್ತು. ಅಲ್ಲಿ ವಾಹನವನ್ನು ನಿಷೇಧಿಸಿಲ್ಲ. ಅದರ ಬಳಕೆಗೆ ದಿನ, ಪಕ್ಷ, ಮಾಸ, ಋತುಗಳ ಎಲ್ಲೆಯನ್ನು ಹಾಕಿಕೊಳ್ಳಲು ಹೇಳಿದೆ. ಅಳತೆಯು ವಸ್ತುವಿನ ಗಾತ್ರದಲ್ಲಿಲ್ಲ, ಬಳಸುವವನ ನಿಶ್ಚಯದಲ್ಲಿದೆ ಎಂಬುದೇ ಇದರ ತಾತ್ಪರ್ಯ.

ಮೈಸೂರಿನ ಜಾವಾ

ಮಧ್ಯಮ ಗಾತ್ರದ ಮೋಟಾರು ಸೈಕಲ್ಲು ಕರ್ನಾಟಕಕ್ಕೆ ಹೊಸತಲ್ಲ. ಪ್ರಾಗ್ ನಗರದಲ್ಲಿ 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ಜಾವಾ’ ಎಂಬ ಹೆಸರನ್ನಿಟ್ಟನು. ಆ ವಾಹನವು 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯ ಮೂಲಕ ಕನ್ನಡದ ಮಣ್ಣಿನಲ್ಲಿ ತಯಾರಾಗತೊಡಗಿತು. ಅದರ ಎಂಜಿನ್ನು ಸುಮಾರು 250 ಸಿ.ಸಿ.ಯದು, ಶಕ್ತಿ ಹನ್ನೆರಡು ಅಶ್ವಬಲದಷ್ಟು. 1970ರ ದಶಕದಲ್ಲಿ ಅದು ‘ಯೆಜ್ಡಿ’ ಎಂಬ ಹೆಸರನ್ನು ಪಡೆಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಈ ಮೂರೂವರೆ ದಶಕಗಳಲ್ಲಿ ಮಲೆನಾಡಿನ ತೋಟಗಳಿಗೂ ಬಯಲುಸೀಮೆಯ ಹಳ್ಳಿಗಳಿಗೂ ಅದು ದುಡಿಮೆಯ ವಾಹನವಾಗಿಯೇ ಹೋಯಿತು.

ಈ ಯಂತ್ರದ ರಚನೆಯನ್ನು ಕೃತಿಯಂತೆ ಓದಿದರೆ ಕೆಲವು ವಿಷಯಗಳು ಹೊಳೆಯುತ್ತವೆ. ಅದರಲ್ಲಿ ಎಂಜಿನ್ನನ್ನು ಚಾಲೂ ಮಾಡುವ ಕಿಕ್ಕರು ಮತ್ತು ಗೇರು ಬದಲಿಸುವ ಸಲಾಕೆ ಎರಡೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರು. ಮುಂದಕ್ಕೆ ಬಾಗಿಸಿದರೆ ಗೇರು. ಎರಡು ಕೆಲಸಕ್ಕೆ ಎರಡು ಸಾಧನಗಳು ಬೇಕಿಲ್ಲವೆಂಬ ಮಿತವ್ಯಯವು ಲೋಹದಲ್ಲಿಯೇ ಮೂಡಿದ ಉದಾಹರಣೆಯಿದು. ಪೆಟ್ರೋಲಿನ ಜೊತೆ ಎಣ್ಣೆಯನ್ನು ತಕ್ಕ ಪ್ರಮಾಣದಲ್ಲಿ ಬೆರೆಸಬೇಕಿತ್ತು. ಸೈಲೆನ್ಸರಿನೊಳಗೆ ಕಟ್ಟಿದ ಮಸಿಯನ್ನು ಆಗಾಗ ತೆಗೆಯಬೇಕಿತ್ತು. ಸವಾರನು ತನ್ನ ವಾಹನದ ಒಡಲನ್ನು ಅರಿಯದೆ ಅದನ್ನು ಬಹುಕಾಲ ಓಡಿಸಲಾರನು. ಹೀಗೆ ಆ ವಾಹನವು ಒಡೆಯನಿಂದ ಹಣವನ್ನಷ್ಟೇ ಅಲ್ಲ, ಎಚ್ಚರವನ್ನೂ ಕೇಳುತ್ತಿತ್ತು.

ಆದರೆ ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಹೊಗಳುವುದು ವಿಮರ್ಶೆಯಾಗದು. ಎರಡು ಸ್ಟ್ರೋಕಿನ ಆ ಎಂಜಿನ್ನು ಎಣ್ಣೆಯನ್ನು ಸುಟ್ಟು ಹೊಗೆಯಾಗಿ ಬಿಡುತ್ತಿತ್ತು. ಅರೆಬೆಂದ ಇಂಧನದ ಒಂದು ಪಾಲು ನೇರವಾಗಿ ಗಾಳಿಗೆ ಸೇರುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಂಸ್ಥೆಯ ನಾಲ್ಕು ಸ್ಟ್ರೋಕಿನ ಸಿ.ಡಿ. 100 ಮಾರುಕಟ್ಟೆಗೆ ಬಂದಾಗ, ಅದೇ ದೂರವನ್ನು ಬಹಳ ಕಡಿಮೆ ಪೆಟ್ರೋಲಿನಲ್ಲಿ ಕ್ರಮಿಸಬಹುದೆಂಬುದು ಜನಸಾಮಾನ್ಯರಿಗೆ ಮನವರಿಕೆಯಾಯಿತು. ಯಾದವಗಿರಿಯ ವಾಹನವು ಹಿಂದೆ ಬಿದ್ದುದಕ್ಕೆ ಇದೂ ಒಂದು ಮುಖ್ಯ ಕಾರಣ. ಆ ಹೊತ್ತಿಗೆ ಕಡಿಮೆ ಸುಡುವ ವಾಹನವನ್ನು ಆರಿಸಿಕೊಂಡ ರೈತನೂ ಗುಮಾಸ್ತನೂ ಅಪರಿಗ್ರಹದ ಹೆಸರೆತ್ತದೆಯೇ ಪರಿಮಾಣವನ್ನು ಆಚರಿಸಿದವರು.

ಚಿತ್ರದಲ್ಲಿನ ಹಿಮಾಲಯ

2018ರಲ್ಲಿ ಜಾವಾ ಹೆಸರು ಮರಳಿ ಬಂದಿತು, 2022ರಲ್ಲಿ ಯೆಜ್ಡಿ. ಹೆಸರು ಹಳೆಯದು, ಆದರೆ ತಯಾರಿಕೆ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಒಂದು ಕಾಲದಲ್ಲಿ ದುಡಿಮೆಯ ವಸ್ತುವಾಗಿದ್ದುದು ಈಗ ನೆನಪಿನ ವಸ್ತುವಾಗಿ ಮಾರಾಟವಾಗುತ್ತಿದೆ. ಮದರಾಸಿನಲ್ಲಿ 1950ರ ದಶಕದಿಂದ ತಯಾರಾಗುತ್ತ ಬಂದ ಬುಲೆಟ್ಟಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸೈನಿಕರ ಮತ್ತು ಪೊಲೀಸರ ವಾಹನವೆಂದು ಹೆಸರಾದ ಅದು ಇಂದು ಹಳೆಯ ಮೈಕಟ್ಟನ್ನು ಉಳಿಸಿಕೊಂಡು, ಒಳಗಿನ ಯಂತ್ರವನ್ನೆಲ್ಲ ಬದಲಿಸಿಕೊಂಡು, ಹೊಸ ತಲೆಮಾರಿಗೆ ಹಳೆಯ ಗಾಂಭೀರ್ಯವನ್ನು ಒದಗಿಸುತ್ತಿದೆ.

ವಾಹನಕ್ಕಿಂತಲೂ ಹೆಚ್ಚು ವಿಮರ್ಶೆಗೆ ಅರ್ಹವಾದುದು ಅದರ ಜಾಹೀರಾತು. ಮಧ್ಯಮ ಗಾತ್ರದ ಮೋಟಾರು ಸೈಕಲ್ಲಿನ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವುದು ಹಿಮದ ಬೆಟ್ಟ, ನಿರ್ಜನ ರಸ್ತೆ, ಒಂಟಿ ಸವಾರ. ಹಿಂದಿನ ಆಸನದಲ್ಲಿ ತಾಯಿಯಿಲ್ಲ. ಟ್ಯಾಂಕಿನ ಮೇಲೆ ಮಗುವಿನ ಶಾಲೆಯ ಚೀಲವಿಲ್ಲ. ಬದಿಯಲ್ಲಿ ಜೋತುಬಿದ್ದ ತರಕಾರಿಯ ಚೀಲವಿಲ್ಲ. ಮಳೆಯಿಲ್ಲ, ಬಸ್ಸಿಲ್ಲ, ಎದುರಿಗೆ ಬರುವ ಲಾರಿಯಿಲ್ಲ. ‘ದಿನದ ಬಳಕೆ’ಯ ಒಂದು ದಿನವೂ ಆ ಚಿತ್ರದಲ್ಲಿಲ್ಲ. ಲಾಯಿಲದ ಯುವಕನು ಕೊಳ್ಳುವುದು ಉಜಿರೆಗೆ ಹೋಗಿಬರುವ ವಾಹನವನ್ನು. ಆದರೆ ಕಂತು ಕಟ್ಟುವುದು ಲಡಾಖಿನ ಕನಸಿಗೆ. ತಾನು ಹೋಗದ ದಿಕ್ಕುಗಳಿಗೂ ಸೇರಿಸಿ ಅವನು ಬೆಲೆ ತೆರುತ್ತಾನೆ.

ದಿಗ್ವ್ರತದ ಅರ್ಥ ಇಲ್ಲಿ ಹೊಸದಾಗಿ ಹೊಳೆಯುತ್ತದೆ. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರದಿಂದ ಆಚೆಗೆ ಹೋಗೆನೆಂದು ಗೃಹಸ್ಥನು ಎಲ್ಲೆ ಹಾಕಿಕೊಂಡರೆ, ಆ ಎಲ್ಲೆಯಾಚೆಯ ಹಿಂಸೆಯಿಂದಲೂ ಆಸೆಯಿಂದಲೂ ಅವನು ದೂರವಾಗುತ್ತಾನೆ ಎಂಬುದು ಆ ವ್ರತದ ಹಿಂದಿನ ವಿಚಾರ. ಇಂದಿನ ಕಾಲದಲ್ಲಿ ಪ್ರಯಾಣವನ್ನೇ ನಿಲ್ಲಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ತಾನು ಹೋಗುವ ದೂರವೆಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಲೆಕ್ಕಹಾಕಿ, ಆ ದೂರಕ್ಕೆ ತಕ್ಕ ವಾಹನವನ್ನು ಆರಿಸುವುದು ದಿಗ್ವ್ರತದ ಮೊದಲ ಮೆಟ್ಟಿಲು. ಮನಸ್ಸು ಎಲ್ಲೆಯಾಚೆ ಅಲೆಯುತ್ತಿದ್ದರೆ ದೇಹವು ಮನೆಯಲ್ಲಿದ್ದರೂ ಫಲವಿಲ್ಲ.

ಲೆಕ್ಕದ ಎರಡು ಪಕ್ಷ

ವಾದವು ನ್ಯಾಯವಾಗಬೇಕಾದರೆ ಎರಡು ಪಕ್ಷಗಳನ್ನೂ ಕೇಳಬೇಕು. ಮೊದಲು ಹಿರಿಯರ ಪಕ್ಷ. ದಿನಕ್ಕೆ 40 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿಸುವ ಗೃಹಸ್ಥನೊಬ್ಬನನ್ನು ಊಹಿಸಿಕೊಂಡರೆ ಅವನ ಓಡಾಟ 12,000 ಕಿಲೋಮೀಟರು. ಲೀಟರಿಗೆ 60 ಕಿಲೋಮೀಟರು ಕೊಡುವ ನೂರು ಸಿ.ಸಿ. ವಾಹನಕ್ಕೆ ಇದಕ್ಕೆ 200 ಲೀಟರು ಸಾಕು. ಲೀಟರಿಗೆ 35 ಕಿಲೋಮೀಟರು ಕೊಡುವ ಮುನ್ನೂರೈವತ್ತಕ್ಕೆ ಸುಮಾರು 343 ಲೀಟರು ಬೇಕು. ವರ್ಷಕ್ಕೆ 143 ಲೀಟರು ಹೆಚ್ಚು. ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೆ ಹದಿನಾಲ್ಕು ಸಾವಿರಕ್ಕೂ ಮಿಗಿಲು. ಒಂದು ಲೀಟರು ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುವುದರಿಂದ, ಅದೇ ದಾರಿಗೆ, ಅದೇ ಕೆಲಸಕ್ಕೆ, ವರ್ಷಕ್ಕೆ ಮುನ್ನೂರು ಕಿಲೋಗೂ ಹೆಚ್ಚಿನ ಹೊರೆ ಗಾಳಿಗೆ ಸೇರುತ್ತದೆ. ತೂಕದ ಪ್ರಶ್ನೆಯೂ ಇದೆ. ನೂರು ಸಿ.ಸಿ. ವಾಹನ ಸುಮಾರು 110 ಕಿಲೋ ತೂಗಿದರೆ ಇಂದಿನ ಮುನ್ನೂರೈವತ್ತರದೊಂದು 195 ಕಿಲೋ ತೂಗುತ್ತದೆ. ಹೆದ್ದಾರಿಯಿಂದ ತೋಟದ ಮನೆಗಿಳಿಯುವ ಕೆಸರಿನ ಕಚ್ಚಾರಸ್ತೆಯಲ್ಲಿ ಅದು ಮಗುಚಿಕೊಂಡರೆ ಒಬ್ಬರೇ ಎತ್ತುವುದು ಕಷ್ಟ. ಮನೆಯ ಹೆಣ್ಣುಮಕ್ಕಳೂ ವೃದ್ಧರೂ ಅದನ್ನು ಓಡಿಸಲಾಗದೆ ಹೋದರೆ, ಅದು ಮನೆಯ ವಾಹನವಾಗದೆ ಒಬ್ಬನ ವಾಹನವಾಗಿ ಉಳಿಯುತ್ತದೆ. ಒಂದು ವಸ್ತುವನ್ನು ಮನೆಯಲ್ಲಿ ಎಷ್ಟು ಮಂದಿ ಬಳಸಬಲ್ಲರು ಎಂಬುದೂ ಪರಿಗ್ರಹದ ಒಂದು ಲೆಕ್ಕವೇ.

ಇನ್ನು ಕಿರಿಯರ ಪಕ್ಷ. ಇದೂ ತೆಗೆದುಹಾಕುವಂಥದಲ್ಲ. ಚಾರ್ಮಾಡಿಯಂಥ ಘಾಟಿಯ ತಿರುವುಗಳಲ್ಲಿ ಇಬ್ಬರನ್ನು ಹೊತ್ತು ಏರುವಾಗ, ಕಡಿಮೆ ಸುತ್ತಿನಲ್ಲಿಯೇ ಎಳೆತ ಕೊಡುವ ದೊಡ್ಡ ಎಂಜಿನ್ನು ಏದುಸಿರು ಬಿಡುವುದಿಲ್ಲ. ಬಸ್ಸು ಲಾರಿಗಳು ಪಕ್ಕದಲ್ಲಿ ಹಾದುಹೋಗುವಾಗಿನ ಗಾಳಿಗೆ ತೂಕದ ವಾಹನ ಸುಲಭವಾಗಿ ಅಲುಗದು. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. 2018 ಮತ್ತು 2019ರಲ್ಲಿ ಹಂತಹಂತವಾಗಿ ಜಾರಿಗೆ ಬಂದ ನಿಯಮದಂತೆ, ಬ್ರೇಕು ಹಿಡಿದಾಗ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯು ಕಡ್ಡಾಯವಾದದ್ದು 125 ಸಿ.ಸಿ. ಮೀರಿದ ವಾಹನಗಳಿಗೆ, ಅದಕ್ಕಿಂತ ಚಿಕ್ಕವುಗಳಿಗೆ ಎರಡು ಬ್ರೇಕುಗಳನ್ನು ಜೋಡಿಸುವ ಸರಳ ವ್ಯವಸ್ಥೆಯೇ ಸಾಕೆನಿಸಿತು. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆಯಾಗಿರುವ ತುಳುನಾಡಿನ ರಸ್ತೆಯಲ್ಲಿ ಇದು ಅಲಂಕಾರವಲ್ಲ, ಜೀವರಕ್ಷಣೆ. ಬಡವನ ವಾಹನಕ್ಕೆ ಸಿಗದ ರಕ್ಷಣೆಯು ಹಣವುಳ್ಳವನ ವಾಹನಕ್ಕೆ ಮೊದಲು ಸಿಕ್ಕಿತೆಂಬುದು ಕೊಳ್ಳುವವನ ದೋಷವಲ್ಲ. ಅದು ನೀತಿ ನಿರೂಪಕರು ಉತ್ತರಿಸಬೇಕಾದ ಪ್ರಶ್ನೆ. ಹಾಗೆಯೇ ಸಂಜೆಯ ನಂತರ ಒಳರಸ್ತೆಗಳಲ್ಲಿ ಬಸ್ಸಿಲ್ಲದ ಊರಿನವರಿಗೆ ಸ್ವಂತ ವಾಹನವನ್ನು ಬಿಡಿರೆಂದು ಉಪದೇಶಿಸುವ ಅಧಿಕಾರ, ದಿನವೂ ಬಸ್ಸು ಸಿಗುವವರಿಗಿಲ್ಲ.

ಮೂರ್ಛೆಯ ಲಕ್ಷಣ

ಎರಡೂ ಪಕ್ಷಗಳಲ್ಲಿ ಸತ್ಯಾಂಶವಿರುವಾಗ ತೀರ್ಪನ್ನು ಬೇರೆ ಕಡೆಯಿಂದ ತರಬೇಕಾಗುತ್ತದೆ. ತತ್ತ್ವಾರ್ಥ ಸೂತ್ರವು ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಹೇಳದೆ ಮೂರ್ಛೆಯಿಂದ ಹೇಳಿದೆ. ಮೂರ್ಛೆಯೆಂದರೆ ‘ಇದು ನನ್ನದು’ ಎಂಬ ಭಾವದಲ್ಲಿ ಎಚ್ಚರ ತಪ್ಪುವುದು. ಈ ಲಕ್ಷಣವನ್ನು ಹಿಡಿದು ನೋಡಿದರೆ ಅನೇಕ ಸುಲಭ ತೀರ್ಮಾನಗಳು ಬುಡಮೇಲಾಗುತ್ತವೆ.

ಮುನ್ನೂರೈವತ್ತನ್ನು ಕೊಂಡು, ಅದರಲ್ಲಿ ಹದಿನೈದು ವರ್ಷ ಹಾಲು, ಗೊಬ್ಬರ, ಮಕ್ಕಳು, ಮುದುಕರನ್ನೆಲ್ಲ ಹೊತ್ತು, ಬಣ್ಣ ಮಾಸಿದರೂ ಗೀರು ಬಿದ್ದರೂ ಕಾಲಕಾಲಕ್ಕೆ ಎಣ್ಣೆ ಬದಲಿಸಿ ಅದೇ ವಾಹನದಲ್ಲಿ ಮುಂದುವರಿಯುವವನು ಒಬ್ಬ. ನೂರು ಸಿ.ಸಿ.ಯದನ್ನೇ ಕೊಂಡು, ಮೂರು ವರ್ಷಕ್ಕೊಮ್ಮೆ ಹೊಸ ಬಣ್ಣದ, ಹೊಸ ಹೆಸರಿನ ವಾಹನಕ್ಕೆ ಬದಲಿಸುವವನು ಇನ್ನೊಬ್ಬ. ಗಾತ್ರದ ಅಳತೆಯಲ್ಲಿ ಎರಡನೆಯವನು ಮಿತವ್ಯಯಿ. ಮೂರ್ಛೆಯ ಅಳತೆಯಲ್ಲಿ ಮೊದಲನೆಯವನು. ಐದು ಹೊಸ ವಾಹನಗಳನ್ನು ತಯಾರಿಸಲು ಬೇಕಾದ ಉಕ್ಕು, ರಬ್ಬರು, ಬಣ್ಣ, ವಿದ್ಯುತ್ತುಗಳು ಪೆಟ್ರೋಲಿನ ಲೆಕ್ಕದಲ್ಲಿ ಕಾಣುವುದಿಲ್ಲ. ಮೂರನೆಯವನೊಬ್ಬನಿದ್ದಾನೆ: ಮಧ್ಯಮ ಗಾತ್ರದ ವಾಹನವನ್ನು ಸಾಲ ಮಾಡಿ ಕೊಂಡು, ಮಳೆಗೆ ಕೆಡುತ್ತದೆಂದು ಹೊದಿಕೆ ಹೊದಿಸಿ ಚಾವಡಿಯಲ್ಲಿ ನಿಲ್ಲಿಸಿ, ತಾನು ಮಾತ್ರ ಅಪ್ಪನ ಹಳೆಯ ವಾಹನದಲ್ಲಿ ಕೆಲಸಕ್ಕೆ ಹೋಗುವವನು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವೊಂದಿದೆ. ಅಲ್ಲಿ ನಿಂತಿರುವ ವಾಹನಗಳು ತಮ್ಮ ಕೆಲಸ ಮುಗಿಸಿ ಬಂದು ನಿಂತವು. ನೋಡುವವರಿಗೆ ತಮ್ಮ ಕಾಲದ ಪಾಠ ಹೇಳುತ್ತವೆ. ಕೆಲಸವನ್ನು ಆರಂಭಿಸುವ ಮೊದಲೇ ಮನೆಯಲ್ಲಿ ಸಂಗ್ರಹಾಲಯ ಸೇರಿದ ವಾಹನವು ಯಾರಿಗೂ ಯಾವ ಪಾಠವನ್ನೂ ಹೇಳದು.

ಆದ್ದರಿಂದ ‘ದಿನದ ಬಳಕೆ’ ಎಂಬ ಮಾತು ಯುವಕರ ನೆಪವಾಗಿ ಉಳಿಯಬೇಕಿಲ್ಲ, ಅದೇ ಪರೀಕ್ಷೆಯಾಗಬಹುದು. ದಿನವೂ ಬಳಸಲ್ಪಡುವ ವಸ್ತು ಮೆಲ್ಲಮೆಲ್ಲನೆ ಪ್ರದರ್ಶನದ ಗುಣವನ್ನು ಕಳೆದುಕೊಂಡು ಉಪಕರಣವಾಗುತ್ತದೆ. ಪೊರಕೆಗೆ, ಹಾರೆಗೆ, ಕೊಡಪಾನಕ್ಕೆ ಯಾರೂ ಮೋಹಗೊಳ್ಳರು. ಏಕೆಂದರೆ ಅವು ದಿನವೂ ಸವೆಯುತ್ತವೆ. ಮೋಟಾರು ಸೈಕಲ್ಲು ಹಾರೆಯಂತಾದಾಗ ಅದು ಎಷ್ಟು ಸಿ.ಸಿ.ಯದೆಂಬ ಪ್ರಶ್ನೆಯ ಮೊನೆ ಮುರಿಯುತ್ತದೆ.

ಮಳೆಗಾಲದ ರಾತ್ರಿ

ಒಡೆತನದ ವಿಚಾರ ಇಲ್ಲಿಗೆ ಮುಗಿದರೂ ಸವಾರಿಯ ವಿಚಾರ ಉಳಿಯುತ್ತದೆ. ಅದು ಇನ್ನೂ ಗುರುತರವಾದುದು. ಆಟಿ ತಿಂಗಳ ಒಂದು ರಾತ್ರಿ ಲಾಯಿಲದ ರಸ್ತೆಯನ್ನು ದೀಪ ಹಿಡಿದು ನೋಡಿದವರಿಗೆ ಅದು ಬರಿಯ ಡಾಂಬರಲ್ಲವೆಂಬುದು ತಿಳಿದಿರುತ್ತದೆ. ಗದ್ದೆಯಿಂದ ತೋಡಿಗೆ ದಾಟುವ ಕಪ್ಪೆಗಳು, ಏಡಿಗಳು, ಚೇರಟೆ, ಬಸವನಹುಳು, ಎರೆಹುಳುಗಳ ಲೋಕವೇ ಅಲ್ಲಿ ಹರಿದಾಡುತ್ತಿರುತ್ತದೆ. ಮುನಿಗಳು ಮಳೆಗಾಲದ ನಾಲ್ಕು ತಿಂಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳುವುದು ಇದೇ ಕಾರಣಕ್ಕಾಗಿ. ಅವರು ನಡೆಯುವಾಗಲೂ ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಅದಕ್ಕೆ ಈರ್ಯಾಸಮಿತಿಯೆಂದು ಹೆಸರು. ಗೃಹಸ್ಥನಿಗೆ ಮುನಿಯ ನಿಯಮ ಅನ್ವಯಿಸುವುದಿಲ್ಲ. ಅವನು ಹಾಲು ತರಬೇಕು, ಆಸ್ಪತ್ರೆಗೆ ಹೋಗಬೇಕು. ಆದರೆ ಈರ್ಯಾಸಮಿತಿಯ ತಿರುಳು ಅವನಿಗೂ ಉಳಿಯುತ್ತದೆ: ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲವನೇ ನೋಡಿ ನಡೆಯುವವನು.

ಇದನ್ನು ಅಂಕಿಗಳಲ್ಲಿ ಹೇಳಬಹುದು. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಅಪಾಯವನ್ನು ಕಂಡು ಬ್ರೇಕಿಗೆ ಕೈಕಾಲು ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಆ ಬಳಿಕ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಮೀಟರು, ಒದ್ದೆ ರಸ್ತೆಯಲ್ಲಿ ಸುಮಾರು 35 ಮೀಟರು ಬೇಕು. ಒಟ್ಟಿನಲ್ಲಿ ಮಳೆಯಲ್ಲಿ 50 ಮೀಟರು ದಾಟಿತು. ಎದುರು ವಾಹನಗಳಿರುವಾಗ ಇಳಿಸಿದ ದೀಪದಲ್ಲಿ ಸ್ಪಷ್ಟವಾಗಿ ಕಾಣುವ ದೂರ ಮೂವತ್ತು ನಲವತ್ತು ಮೀಟರನ್ನು ಮೀರುವುದು ಕಷ್ಟ. ಅಂದರೆ ಮಳೆಯ ರಾತ್ರಿ ಅರುವತ್ತರ ವೇಗದಲ್ಲಿ ಹೋಗುವವನು ಕಣ್ಣಿದ್ದೂ ಕುರುಡನಾಗಿ ಹೋಗುತ್ತಿರುತ್ತಾನೆ. ಅದೇ ವೇಗವನ್ನು 40ಕ್ಕೆ ಇಳಿಸಿದರೆ ಒದ್ದೆ ರಸ್ತೆಯಲ್ಲಿಯೂ ಸುಮಾರು 27 ಮೀಟರಿನಲ್ಲಿ ನಿಲ್ಲಬಹುದು. ಕಾಣುವ ದೂರದೊಳಗೆ ನಿಲುಗಡೆ ಬಂದಿತು. ಕಪ್ಪೆಯನ್ನು ಆ ವೇಗದಲ್ಲಿಯೂ ತಪ್ಪಿಸಲಾಗದೆ ಹೋಗಬಹುದು. ಆದರೆ ರಸ್ತೆಯಲ್ಲಿ ಮಲಗಿದ ದನವನ್ನು, ಕೊಡೆ ಹಿಡಿದು ಬದಿಯಲ್ಲಿ ನಡೆಯುವ ಮುದುಕಿಯನ್ನು ಖಂಡಿತವಾಗಿ ತಪ್ಪಿಸಬಹುದು.

ಗಾತ್ರದ ವಾದಕ್ಕೆ ಇಲ್ಲಿ ಇನ್ನೊಂದು ಉತ್ತರ ಸಿಗುತ್ತದೆ. ಸವಾರನ ತೂಕವನ್ನೂ ಸೇರಿಸಿದರೆ ಮುನ್ನೂರೈವತ್ತರ ವಾಹನವು ಅದೇ ವೇಗದ ನೂರು ಸಿ.ಸಿ. ವಾಹನಕ್ಕಿಂತ ಸುಮಾರು ಒಂದೂವರೆ ಪಟ್ಟು ಬಲದಿಂದ ಬಡಿಯುತ್ತದೆ. ಆದರೆ ಯಾವುದೇ ವಾಹನದ ವೇಗವನ್ನು 40ರಿಂದ 60ಕ್ಕೆ ಏರಿಸಿದರೆ ಆ ಬಲ ಎರಡೂಕಾಲು ಪಟ್ಟಾಗುತ್ತದೆ. ಕೊಂಡ ಗಾತ್ರಕ್ಕಿಂತ ಕೈಯಲ್ಲಿ ತಿರುಗಿಸಿದ ವೇಗವೇ ಹೆಚ್ಚು ಹಿಂಸೆಯನ್ನು ತರಬಲ್ಲುದು. ದೊಡ್ಡ ವಾಹನದ ನಿಜವಾದ ಅಪಾಯವೆಂದರೆ, ಅದರಲ್ಲಿ 60 ಕೂಡ 40ರಂತೆ ಶಾಂತವಾಗಿ ತೋರುವುದು. ಯಂತ್ರ ನಡುಗುವುದಿಲ್ಲ, ಕೂಗುವುದಿಲ್ಲ. ಸವಾರನಿಗೆ ವೇಗದ ಅರಿವೇ ಆಗುವುದಿಲ್ಲ. ಹಿಂಸೆಯ ಮೂಲ ಪ್ರಮಾದವೆಂದು ಆಚಾರ್ಯರು ಹೇಳಿದ್ದು ಇಂಥ ಮರೆವಿಗೇ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆದರೂ ಸವಾರನ ತಲೆಯ ಮೇಲೆ ಹೆಲ್ಮೆಟ್, ಹಿಂದೆ ಕುಳಿತ ತಾಯಿಯ ತಲೆಯ ಮೇಲೆ ಸೆರಗು ಮಾತ್ರ ಎಂಬ ದೃಶ್ಯ ಅಪರೂಪವಲ್ಲ. ಎರಡು ಲಕ್ಷದ ವಾಹನಕ್ಕೆ ಹಣ ಹೊಂದಿಸಿದ ಮನೆಯಲ್ಲಿ ಎರಡನೆಯ ಹೆಲ್ಮೆಟ್ಟಿಗೆ ಹಣವಿಲ್ಲವೆಂದರೆ, ಆ ಖರೀದಿಯಲ್ಲಿ ಯಾವುದಕ್ಕೆ ಬೆಲೆ ಕಟ್ಟಲಾಗಿತ್ತು ಎಂಬುದು ತಾನಾಗಿಯೇ ತಿಳಿಯುತ್ತದೆ.

ಕೇಳದವರಿಗೂ ಕೇಳಿಸುವುದು

ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಎಸಗುವ ಪೀಡೆ. ಮಧ್ಯಮ ಗಾತ್ರದ ವಾಹನಗಳಲ್ಲಿ ಇದರ ಸ್ಪಷ್ಟ ರೂಪವೆಂದರೆ ಬದಲಿಸಿದ ಸೈಲೆನ್ಸರು. ಕಾರ್ಖಾನೆಯಿಂದ ಬಂದ ಸೈಲೆನ್ಸರನ್ನು ತೆಗೆಸಿ ಗುಡುಗುವ ಇನ್ನೊಂದನ್ನು ಹಾಕಿಸುವುದರಿಂದ ಹಾಲು ಬೇಗ ತಲುಪುವುದಿಲ್ಲ, ಮೈಲೇಜು ಹೆಚ್ಚುವುದಿಲ್ಲ. ಅದು ಕಾನೂನಿಗೂ ವಿರುದ್ಧ. ಅದರ ಫಲವನ್ನು ಅನುಭವಿಸುವವರು ತೊಟ್ಟಿಲಲ್ಲಿ ಬೆಚ್ಚಿಬೀಳುವ ಕೂಸು, ಕಾಯಿಲೆಯಲ್ಲಿ ಮಲಗಿದವರು, ಪರೀಕ್ಷೆಗೆ ಓದುವವರು, ಬಸದಿಯಲ್ಲಿ ಸಾಮಾಯಿಕಕ್ಕೆ ಕುಳಿತವರು. ಪೆಟ್ರೋಲಿನ ಹೊಗೆಗೆ ಪ್ರಯಾಣವೆಂಬ ಪ್ರಯೋಜನವಾದರೂ ಇದೆ; ಈ ಶಬ್ದಕ್ಕೆ ‘ನಾನು ಬಂದೆ’ ಎಂಬುದರ ಹೊರತು ಬೇರೆ ಅರ್ಥವಿಲ್ಲ. ವಾಹನವು ಉಪಕರಣವೋ ಪ್ರದರ್ಶನವೋ ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ಮೊದಲು ಸೈಲೆನ್ಸರನ್ನು ನೋಡಿದರೆ ಸಾಕು.

ನಿಯಮದ ದಾರಿ

ಮಧ್ಯಮ ಗಾತ್ರದ ಮೋಟಾರು ಸೈಕಲ್ಲು ತನ್ನಷ್ಟಕ್ಕೆ ಪಾಪದ ವಸ್ತುವೂ ಅಲ್ಲ, ಪ್ರತಿಷ್ಠೆಯ ವಸ್ತುವೂ ಅಲ್ಲ. ಘಾಟಿ ಹತ್ತಿಳಿಯುವ ಕೆಲಸವಿರುವವನಿಗೆ, ದಿನವೂ ಇಬ್ಬರು ದೂರ ಸಾಗಬೇಕಾದ ಮನೆಗೆ ಅದು ಒಪ್ಪುವ ವಾಹನ. ಬೆಳ್ತಂಗಡಿ ಪೇಟೆಗೆ ಹೋಗಿಬರುವುದಷ್ಟೇ ಕೆಲಸವಾದವನಿಗೆ ಅದರ ಅರ್ಧ ಭಾರ ಅನಗತ್ಯ. ಇದನ್ನು ನಿರ್ಣಯಿಸಬೇಕಾದವರು ಅಂಗಡಿಯವರಲ್ಲ, ತೆರಿಗೆಯ ಪಟ್ಟಿಯಲ್ಲ, ಗೆಳೆಯರಲ್ಲ. ತನ್ನ ದಿನದ ದಾರಿಯನ್ನು ಬಲ್ಲ ಗೃಹಸ್ಥನೇ.

ಸಮಂತಭದ್ರಾಚಾರ್ಯರು ಜೀವಾವಧಿಯ ಯಮವನ್ನೂ ಕಾಲಮಿತಿಯ ನಿಯಮವನ್ನೂ ಬೇರೆ ಬೇರೆಯಾಗಿ ಹೇಳಿದ್ದರಲ್ಲಿ ಮನುಷ್ಯನ ದೌರ್ಬಲ್ಯದ ಬಗೆಗಿನ ಕರುಣೆಯಿದೆ. ಜೀವನಪರ್ಯಂತ ವಾಹನವನ್ನು ಬಿಡುವೆನೆನ್ನುವುದು ಎಲ್ಲರಿಗೂ ಆಗದ ಮಾತು. ಆದರೆ ಆಷಾಢದಿಂದ ಕಾರ್ತಿಕದವರೆಗೆ ಕತ್ತಲಾದ ಮೇಲೆ ತೀರ ಅಗತ್ಯವಿಲ್ಲದೆ ವಾಹನವೇರುವುದಿಲ್ಲ, ಏರಿದರೂ ನಲವತ್ತನ್ನು ಮೀರುವುದಿಲ್ಲ. ಕೂಗಳತೆಯ ದೂರಕ್ಕೆ ಕಾಲ್ನಡಿಗೆ. ಹಿಂದೆ ಕುಳಿತವರ ತಲೆಗೂ ರಕ್ಷಣೆಯಿಲ್ಲದೆ ಹೊರಡುವುದಿಲ್ಲ. ಇದು ಓಡುವ ತನಕ ಇನ್ನೊಂದನ್ನು ಕೊಳ್ಳುವುದಿಲ್ಲ, ಎಂಬಷ್ಟನ್ನು ನಿಯಮವಾಗಿ ಹಿಡಿಯುವುದು ಯಾವ ಮನೆಯ ಯುವಕನಿಗೂ ಅಸಾಧ್ಯವಲ್ಲ. ಈ ನಿಯಮಗಳನ್ನು ಒಪ್ಪಿದ ಮೇಲೂ ಅವನಿಗೆ ಆ ವಾಹನವೇ ಬೇಕೆನಿಸಿದರೆ, ಹಿರಿಯರು ಒಪ್ಪಿಗೆ ಕೊಡಲು ಹಿಂಜರಿಯಬೇಕಿಲ್ಲ. ಈ ನಿಯಮಗಳ ಮಾತು ಬಂದೊಡನೆ ಆ ವಾಹನದ ಮೇಲಿನ ಆಸೆ ಇಳಿದುಹೋದರೆ, ಅವನು ಬಯಸಿದ್ದು ವಾಹನವನ್ನಲ್ಲವೆಂಬುದು ಅವನಿಗೇ ತಿಳಿದಂತಾಗುತ್ತದೆ.

ವೇಣೂರಿನವನೂ ಧರ್ಮಸ್ಥಳದವನೂ ಯಾರನ್ನೂ ನಿಲ್ಲೆಂದು ಕೂಗಿ ಕರೆಯುವುದಿಲ್ಲ. ನಿಲ್ಲಬಲ್ಲವನಾಗಿ ಓಡು ಎಂಬಷ್ಟನ್ನು, ಆ ಹಾದಿಯಲ್ಲಿ ದಿನವೂ ಹೋಗಿಬರುವವನು, ಅವರ ಮೌನದಿಂದ ಕಲಿಯಬಹುದು.